ನಲವತ್ತೊಂದು ಬಾಬತ್ತಿನ ಪಟ್ಟಿ ಮತ್ತು ನೀರಿಗಿಳಿದ ಮಾವ

ಕೆಲಸಕ್ಕಿಂತ ಕೆಲಸದ ತಯಾರಿಯಲ್ಲೇ ಹೆಚ್ಚು ಸುಖ ಕಾಣುವ ಜನ ಕೆಲವರಿದ್ದಾರೆ. ನಾನು ಆ ವಂಶದ ಕುಡಿ. ಹೈಸ್ಕೂಲಿನಲ್ಲಿದ್ದಾಗ ಪರೀಕ್ಷೆಗೆ ಮುಂಚೆ ನಾನು ಬರೆಯುತ್ತಿದ್ದ ವೇಳಾಪಟ್ಟಿಯನ್ನು ನೋಡಲು ಪಕ್ಕದ ಬೀದಿಯ ಹುಡುಗರೂ ಬರುತ್ತಿದ್ದರು. ಗಣಿತಕ್ಕೆ ಕೆಂಪು ಶಾಯಿ, ವಿಜ್ಞಾನಕ್ಕೆ ಹಸಿರು, ಊಟಕ್ಕೆ ನೀಲಿ. ಗೆರೆ ಎಳೆದು, ಬಣ್ಣ ತುಂಬಿ, ಗೋಡೆಗೆ ಅಂಟಿಸುವಷ್ಟರಲ್ಲಿ ಪರೀಕ್ಷೆಯೇ ಬಂದಿರುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಿರಿಜಾಳನ್ನು ಜೋಗಿಮಟ್ಟಿಗೆ ಕರೆದುಕೊಂಡು ಹೋಗಲು ಎಷ್ಟು ಸೊಗಸಾಗಿ ಸಿದ್ಧತೆ ಮಾಡಿದೆನೆಂದರೆ, ಹೊರಡುವ ಹೊತ್ತಿಗೆ ಬೆಟ್ಟ ಇಳಿದು ಬರುವ ವೇಳೆಯಾಗಿತ್ತು. ಬುತ್ತಿಯನ್ನು ಮನೆಯ ಅಂಗಳದಲ್ಲೇ ಬಿಚ್ಚಿ ಉಂಡೆವು. ಇಪ್ಪತ್ತು ವರ್ಷವಾದರೂ ಅವಳು ಅದನ್ನು ಮರೆತಿಲ್ಲ, ನನ್ನನ್ನೂ ಮರೆಯಲು ಬಿಟ್ಟಿಲ್ಲ.

ಇಂಥ ನಾನು ನಲವತ್ತಾರನೆಯ ವಯಸ್ಸಿನಲ್ಲಿ ಟ್ರಯಥ್ಲಾನಿಗೆ ಮರುಳಾದದ್ದರಲ್ಲಿ ಆಶ್ಚರ್ಯವೇನಿಲ್ಲ. ಎರಡು ಕಿಲೋಮೀಟರು ಈಜಿ, ಮೈ ಆರುವ ಮೊದಲೇ ತೊಂಬತ್ತು ಕಿಲೋಮೀಟರು ಸೈಕಲ್ ತುಳಿದು, ಆಮೇಲೆ ಇಪ್ಪತ್ತೊಂದು ಕಿಲೋಮೀಟರು ಓಡುವ ಸ್ಪರ್ಧೆಯಿದು. ಬಾಗೂರಿನಲ್ಲಿ ಕುರಿ ಮೇಯಿಸಿ ಮುದುಕರಾದ ನಮ್ಮ ಮಾವನಿಗೆ, ಅಂದರೆ ಗಿರಿಜಾಳ ಅಪ್ಪನಿಗೆ, ಇದನ್ನು ವಿವರಿಸಿದಾಗ ಅವರು ಬಹಳ ಹೊತ್ತು ಯೋಚಿಸಿ, "ಅಷ್ಟೊಂದು ಓಡ್ತೀರಲ್ಲ, ಹಿಂದಿಂದ ಅಟ್ಟಿಸ್ಕೊಂಡು ಬರೋರು ಯಾರು?" ಎಂದು ಕೇಳಿದ್ದರು. ಯಾರೂ ಇಲ್ಲವೆಂದಾಗ ಅವರಿಗೆ ನನ್ನ ವಿಷಯದಲ್ಲಿ ಸ್ವಲ್ಪ ಚಿಂತೆಯಾಯಿತು. ನನಗೆ ಮಾತ್ರ ಈ ಸ್ಪರ್ಧೆ ಹಬ್ಬ. ಒಂದು ದಿನದ ಓಟಕ್ಕೆ ಒಂದು ವರ್ಷದ ತಯಾರಿ! ಹೊಳಲ್ಕೆರೆ ರಸ್ತೆಯಲ್ಲಿ ಸೈಕಲ್ ತುಳಿದೆ. ಜೋಗಿಮಟ್ಟಿಯ ಏರಿನಲ್ಲಿ ಏದುಸಿರು ಬಿಟ್ಟೆ. ಚಿತ್ರದುರ್ಗದ ಈಜುಕೊಳದಲ್ಲಿ ವಾರಕ್ಕೆರಡು ದಿನ ಈಜಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಪರ್ಧೆಯ ದಿನ ಬೆಳಿಗ್ಗೆ ಒಯ್ಯಬೇಕಾದ ಸಾಮಾನುಗಳ ಪಟ್ಟಿ ಬರೆದೆ. ಅದರಲ್ಲಿ ನಲವತ್ತೊಂದು ಬಾಬತ್ತುಗಳಿದ್ದವು.

ಇನ್ನು ಮುಚ್ಚಿಟ್ಟು ಫಲವಿಲ್ಲ, ಹೇಳಿಬಿಡುತ್ತೇನೆ. ನನಗೆ ನೀರೆಂದರೆ ಭಯ. ಈಜುಕೊಳದ ನೀರಲ್ಲ, ಅಲ್ಲಿ ತಳದ ಟೈಲ್ಸ್ ಕಾಣುತ್ತದೆ, ಕಾಲೂರಿದರೆ ನೆಲ ಸಿಗುತ್ತದೆ. ಸ್ಪರ್ಧೆ ನಡೆಯುವುದು ಮಾರಿಕಣಿವೆಯ ಅಣೆಕಟ್ಟಿನ ಹಿನ್ನೀರಿನಲ್ಲಿ. ಅಲ್ಲಿ ಕೆಳಗೆ ನೋಡಿದರೆ ಕಪ್ಪು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನು ಹಿರಿಯೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಮೇಷ್ಟ್ರು. ನೀರಿನಲ್ಲಿ ಮುಳುಗಿದ ವಸ್ತುವನ್ನು ನೀರೇ ಮೇಲಕ್ಕೆ ತಳ್ಳುತ್ತದೆ ಎಂದು ಇಪ್ಪತ್ತು ವರ್ಷದಿಂದ ಮೇಜು ಕುಟ್ಟಿ ಹೇಳುತ್ತಾ ಬಂದಿದ್ದೇನೆ. ಮಕ್ಕಳು ನಂಬಿದ್ದಾರೆ, ನನ್ನ ಕಾಲುಗಳು ನಂಬಿಲ್ಲ. ಹೋದ ವರ್ಷ ದಡದವರೆಗೆ ಹೋದವನು ಮೀನಖಂಡ ಹಿಡಿದುಕೊಂಡಿತೆಂದು ಕುಂಟುತ್ತಾ ವಾಪಸು ಬಂದಿದ್ದೆ. ಮೀನಖಂಡಕ್ಕೆ ಏನೂ ಆಗಿರಲಿಲ್ಲ. ಈ ಸಲವೂ ದಡದಲ್ಲೇ ಉಳಿದರೆ ಇನ್ನು ಜನ್ಮದಲ್ಲಿ ಇಳಿಯಲಾರೆ ಎಂಬುದು ನನಗೆ ಗೊತ್ತಿತ್ತು. ಸಾಲದ್ದಕ್ಕೆ, ಈಜಿ ಬರದಿದ್ದರೆ ತೇಲುವಿಕೆಯ ಪಾಠವನ್ನೇ ಬಿಡುತ್ತೇನೆ ಎಂದು ತರಗತಿಯಲ್ಲಿ ಬಾಯಿ ತಪ್ಪಿ ಹೇಳಿಬಿಟ್ಟಿದ್ದೆ. ಮಕ್ಕಳು ಆ ಪಾಠ ತಪ್ಪಲೆಂದು ಹರಕೆ ಹೊತ್ತಿದ್ದರೋ ಏನೋ.

ಆ ದಿನ ಬೆಳಿಗ್ಗೆ ಏಳು ಗಂಟೆಗೆ ನೀರಿಗಿಳಿಯಬೇಕು. ಸೈಕಲ್ಲನ್ನು ಹಿಂದಿನ ದಿನವೇ ಅಣೆಕಟ್ಟಿನ ಬಳಿ ಒಪ್ಪಿಸಿ ಬಂದಿದ್ದೆ. ಐದಕ್ಕೆ ಎದ್ದು ನಡುಮನೆಯಲ್ಲಿ ಸಾಮಾನು ಹರಡಿಕೊಂಡು ಕೂತೆ. ಈಜುವಾಗ ಹಾಕುವ ಕನ್ನಡಕ, ಟೋಪಿ, ಬಾಳೆಹಣ್ಣು, ಖರ್ಜೂರ, ಉಪ್ಪು, ಕಾಲುಚೀಲ, ಹೆಚ್ಚಿಗೆ ಕಾಲುಚೀಲ, ಆ ಹೆಚ್ಚಿಗೆಯದೂ ನೆನೆದರೆ ಇನ್ನೊಂದು ಜೊತೆ. ಬಟ್ಟೆ ಉಜ್ಜದಿರಲೆಂದು ಕುತ್ತಿಗೆಗೂ ಕಂಕುಳಿಗೂ ಎಣ್ಣೆ ಹಚ್ಚಿಕೊಳ್ಳುತ್ತಿದ್ದಾಗ, ಹಿಂದಿನ ದಿನ ಊರಿಂದ ಬಂದಿದ್ದ ಮಾವ ಗೋಡೆಗೊರಗಿ ನೋಡುತ್ತಿದ್ದರು. "ಹರಳೆಣ್ಣೆ ಹಚ್ಕಳ್ರಿ, ಮೈಗೆ ತಂಪು" ಎಂದರು. ಗಿರಿಜಾ ಕಾರಿನ ಕೀ ಹಿಡಿದು ಬಾಗಿಲಲ್ಲಿ ನಿಂತು, "ಪಟ್ಟಿ ಮೂರನೇ ಸಲ ಓದ್ತಾ ಇದೀರಿ. ಅದರಾಗೆ ಹೊರಡೋದು ಅಂತ ಎಲ್ಲಾದ್ರೂ ಬರ್ದಿದೀರಾ?" ಎಂದಳು. ನೋಡಿದೆ. ಬರೆದಿರಲಿಲ್ಲ.

ಹೊರಟೆವು. ಗೇಟು ದಾಟುವಷ್ಟರಲ್ಲಿ ಎದುರು ಮನೆಯ ನಿವೃತ್ತ ಮೇಷ್ಟ್ರು ಬಸಪ್ಪನವರು ಹಲ್ಲುಜ್ಜುತ್ತಾ, "ಏನ್ ಸಾರ್, ಇಷ್ಟೊತ್ತಿಗೇ ಎಲ್ಲಿಗೆ?" ಎಂದರು. ಮಾವನ ಮುಖ ಕಪ್ಪಿಟ್ಟಿತು. ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು. ಕೇಳಿಬಿಟ್ಟರೆ ಮನೆಯೊಳಗೆ ವಾಪಸು ಬಂದು, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. "ಬರ್ರಿ ಒಳಗೆ, ಕುಂತ್ಕಳ್ರಿ, ಒಂದ್ ಚೊಂಬು ನೀರು ಕುಡೀರಿ" ಎಂದರು ಮಾವ. ಮೂಢನಂಬಿಕೆಯ ವಿರುದ್ಧ ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತಾಡುವ ನಾನು ಅವರಿಗಿಂತ ಮೊದಲೇ ಒಳಗೆ ಹೋಗಿ ಕೂತಿದ್ದೆ. ಎಷ್ಟು ನಿಧಾನವಾಗಿ ನೀರು ಕುಡಿಯಬಹುದೆಂಬುದು ನನಗೆ ಗೊತ್ತಾದದ್ದು ಅಂದೇ.

ಎರಡನೆಯ ಸಲದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಬಸಪ್ಪನವರು ಒಳಗೆ ಹೋಗಿಬಿಟ್ಟಿದ್ದರು. ನಾನು ಗೇಟನ್ನು ಬೇಕೆಂದೇ ಧಡಾರನೆ ಹಾಕಿ ಕೆಮ್ಮಿದೆ. ಅವರು ಟವೆಲ್ ಹಿಡಿದು ಮತ್ತೆ ಹೊರಬಂದು, "ಅರೆ, ಇನ್ನೂ ಹೋಗಿಲ್ವಾ? ಅಂದಂಗೆ ಎಲ್ಲಿಗೆ ಅಂತ ಹೇಳ್ಲೇ ಇಲ್ಲ" ಎಂದರು. ಪುಣ್ಯಾತ್ಮ! ನಾನು ತಲೆ ತಗ್ಗಿಸಿ ಒಳಗೆ ನಡೆದು ಎರಡನೆಯ ಚೊಂಬು ಎತ್ತಿದೆ. ಗಿರಿಜಾ ಗಡಿಯಾರ ನೋಡಿದಳು. ಮಾವ ಈ ಸಲ ಚೊಂಬನ್ನು ನೋಡಲಿಲ್ಲ, ನನ್ನನ್ನು ನೋಡಿದರು.

ಗಿರಿಜಾ ಕಾರು ಓಡಿಸಿದ ರೀತಿಯನ್ನು ವರ್ಣಿಸುವುದಿಲ್ಲ. ಅಣೆಕಟ್ಟಿನ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದು, "ಎಲ್ಲಿಗ್ರೀ?" ಎಂದ. ನನ್ನ ಎದೆ ಹಗುರಾಯಿತು. "ಮಾವ, ಕೇಳೇಬಿಟ್ಟ ನೋಡಿ. ವಾಪಸ್ ಹೋಗಾಣವೇ?" ಎಂದೆ. ಮಾವ ಕಿಟಕಿಯಾಚೆ ನೋಡುತ್ತಾ, "ಅದು ಮನೆ ಹೊಸ್ತಿಲಿಗೆ ಮಾತ್ರ ಕಣ್ರಿ. ದಾರಿಯಾಗೆ ಲೆಕ್ಕಕ್ಕಿಲ್ಲ" ಎಂದರು.

ದಡದಲ್ಲಿ ಜನವೋ ಜನ. ಹೊಟ್ಟೆಯೆಂಬುದೇ ಇಲ್ಲದ ಹುಡುಗ ಹುಡುಗಿಯರು ಕೈಕಾಲು ಝಾಡಿಸುತ್ತಿದ್ದರು. ಎರಡು ಚೊಂಬು ನೀರಿನ ದೆಸೆಯಿಂದ ನಾನು ಶೌಚಾಲಯದ ಸಾಲಿನಲ್ಲಿ ಎರಡು ಸಲ ನಿಂತು ಬಂದೆ. ಆಮೇಲೆ ನೀರಿನ ಕಡೆ ನೋಡಿದೆ. ಬಿಸಿಲಿನ್ನೂ ತಾಕಿರಲಿಲ್ಲ, ಗುಡ್ಡಗಳ ನಡುವೆ ನೀರು ಅಲ್ಲಾಡದೆ ಮಲಗಿತ್ತು. ಇಂಥ ಶಾಂತವಾದ ಬೆಳಗನ್ನು ನಾನು ನೋಡಿಯೇ ಇರಲಿಲ್ಲ, ಇಷ್ಟು ಹೆದರಿಯೂ ಇರಲಿಲ್ಲ. ಕೈ ತಾನಾಗಿ ಕಾಲಿನ ಕಡೆ ಹೋಯಿತು. "ಗಿರಿಜಾ, ಯಾಕೋ ಮೀನಖಂಡ ಹಿಡ್ಕೊಂಡಂಗೈತೆ" ಎಂದೆ.

"ಹೋದ ವರ್ಷ ಎಡಗಾಲು ಅಂದಿದ್ರಿ" ಎಂದಳು ಅವಳು, ಮೆತ್ತಗೆ. ನಾನು ಹಿಡಿದಿದ್ದದ್ದು ಬಲಗಾಲು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ವರ್ಷದುದ್ದಕ್ಕೂ ಅವಳಿಗೆ ಎಲ್ಲವೂ ಗೊತ್ತಿತ್ತು. ನನಗೆ ಅಳು ಬಂದಂತಾಯಿತು. ಏನಾದರೂ ಹೇಳಬೇಕೆಂದು ತಲೆ ಎತ್ತಿದೆನೋ ಇಲ್ಲವೋ, ಅತ್ತ ಸೀಟಿಯ ಸದ್ದು. "ಅಜ್ಜಾ, ಹೊರಗ್ ಬರ್ರಿ! ಅಜ್ಜಾ!" ಎಂದು ಸ್ವಯಂಸೇವಕರು ಕೂಗುತ್ತಿದ್ದರು. ನಮ್ಮ ಮಾವ ಪಂಚೆ ಎತ್ತಿ ಕಟ್ಟಿಕೊಂಡು ನೀರಿನಲ್ಲಿ ನಡೆಯುತ್ತಿದ್ದರು. ಮೊಣಕಾಲು, ಸೊಂಟ, ಎದೆ. ತಲೆಯ ಮೇಲಿನ ರುಮಾಲೊಂದೇ ಒಣಗಿ ಉಳಿದಿತ್ತು.

ನಾನು ಓಡಿದೆ. ಕನ್ನಡಕವನ್ನಾಗಲಿ ಮೀನಖಂಡವನ್ನಾಗಲಿ ನೆನೆಯದೆ ನೀರನ್ನು ತಳ್ಳಿಕೊಂಡು ಹೋಗಿ ಅವರ ತೋಳು ಹಿಡಿದೆ. "ಏನ್ ಮಾಡ್ತಿದೀರಿ ಮಾವ? ಈಜು ಬರುತ್ತೇನ್ರಿ ನಿಮಗೆ?"

"ನಂಗೆಲ್ಲಿ ಬರ್ತೈತೆ?" ಎಂದರು ಮಾವ. "ವರ್ಷಕ್ಕೆರಡು ಸಲ ತುಪ್ಪಟ ಕತ್ತರಿಸಾಕೆ ಮುಂಚೆ ಕುರಿ ಮೈ ತೊಳೀಬೇಕಲ್ಲ, ಅದಕ್ಕೆ ಎದೆಮಟ ಇಳೀತೀನಿ, ಅಷ್ಟೇಯ. ಕುರಿ ದಡದಾಗೆ ನಿಂತು ಅರಚ್ತಾವೆ. ಒಂದೊಂದ್ರ ಕಾಲೂ ನೋವೇಯ ಆವಾಗ. ಹಿಂದಿಂದ ನೂಕಿದ್ರೆ ತಿರುಗಿ ಓಡ್ತಾವೆ. ನಾವು ನೀರಾಗೆ ನಿಂತ್ಕಂಬೇಕು, ಆವಾಗ ಬರ್ತಾವೆ."

"ಆಯ್ತು, ನಡೀರಿ, ಹೊರಗೆ ಹೋಗಾಣ."

"ನಿಮಗೆ ನೀರು ಎಲ್ಲಿಗೆ ಬಂತು, ನೋಡ್ಕಳ್ರಿ" ಎಂದರು.

ನೋಡಿಕೊಂಡೆ. ಎದೆಯ ಮಟ್ಟಕ್ಕೆ ಬಂದಿತ್ತು. ಸ್ವಯಂಸೇವಕನೊಬ್ಬ ಬಂದು ಮಾವನನ್ನು ಕೈಹಿಡಿದು ಕರೆದೊಯ್ದ. ಗಿರಿಜಾ ದಡದಿಂದ ನನ್ನ ಕನ್ನಡಕ, ಟೋಪಿ ಎಸೆದಳು. ಉಳಿದವರೆಲ್ಲ ನನ್ನ ಸುತ್ತ ಇಳಿದು ಬಂದರು. ಕಹಳೆ ಮೊಳಗಿತು. ಎದೆಮಟ್ಟದ ನೀರಿನಲ್ಲಿ ನಿಂತವನು ಮುಂದಕ್ಕೆ ಬಾಗುವುದು ಬಿಟ್ಟು ಬೇರೇನು ಮಾಡಿಯಾನು? ಬಾಗಿದೆ. ನೀರು ನನ್ನನ್ನು ಮೇಲಕ್ಕೆ ತಳ್ಳಿತು. ಇಪ್ಪತ್ತು ವರ್ಷದಿಂದ ನಾನು ಹೇಳುತ್ತಿದ್ದುದು ನಿಜವೆಂದು ತಿಳಿದು ಬಹಳ ಸಂತೋಷವಾಯಿತು.

ಕೊನೆಯಿಂದ ಮೂರನೆಯವನಾಗಿ ನೀರಿನಿಂದ ಎದ್ದೆ. ಹೊಸದುರ್ಗದ ದಾರಿಯಲ್ಲಿ ಸೈಕಲ್ ತುಳಿದು ಬಂದು, ಮುಕ್ತಾಯದ ಗೆರೆಯ ಕಮಾನು ಬಿಚ್ಚುತ್ತಿದ್ದವರು ನನಗಾಗಿ ಅರೆಗಳಿಗೆ ಕೈ ತಡೆದಾಗ ಓಟ ಮುಗಿಸಿದೆ. ಈಗ ಕಾಲೇಜಿನಲ್ಲಿ ಮನಸ್ಸಿನ ಭಯವನ್ನು ಗೆಲ್ಲುವುದು ಹೇಗೆಂದು ಆಗಾಗ ಉಪನ್ಯಾಸ ಕೊಡುತ್ತೇನೆ, ಚಪ್ಪಾಳೆಯೂ ಬೀಳುತ್ತದೆ. ಬಾಗೂರಿನಲ್ಲಿ ಮಾತ್ರ ಕಥೆ ಚಿಕ್ಕದು. ಅಲ್ಲಿ ಯಾರಾದರೂ ಕೇಳಿದರೆ ಮಾವ, "ಈ ವರ್ಷ ಒಂದ್ ಕುರಿ ಜಾಸ್ತಿ ತೊಳ್ದೆ" ಎನ್ನುತ್ತಾರೆ.

ಮುಂದಿನ ಸ್ಪರ್ಧೆಗೂ ಹೆಸರು ಕೊಟ್ಟಿದ್ದೇನೆ. ಹೊಸ ಪಟ್ಟಿಯ ಮೊದಲನೆಯ ಬಾಬತ್ತು, ಮಾವನಿಗೆ ಈಜು ಕಲಿಸುವುದು. ವಯಸ್ಸಾದವರು, ಏನಾದರೂ ಆದರೆ ಎಂಬ ಭಯ ನನಗೆ. ಅದರ ತಯಾರಿ ಭರದಿಂದ ನಡೆದಿದೆ. ಅದಕ್ಕೆಂದೇ ಬೇರೆ ಪಟ್ಟಿ ಬರೆದಿದ್ದೇನೆ, ಹಸಿರು ಶಾಯಿಯಲ್ಲಿ. ಅವರನ್ನು ಈಜುಕೊಳಕ್ಕೆ ಇನ್ನೂ ಕರೆದೊಯ್ದಿಲ್ಲ. ಯಾವಾಗ ಎಂದು ಗಿರಿಜಾ ಕೇಳುತ್ತಲೇ ಇದ್ದಾಳೆ. ಮಾವನಿಗೆ ಈಜು ಬಂದುಬಿಟ್ಟರೆ ಆಮೇಲೆ ನಾನು ನೀರಿಗಿಳಿಯುವುದು ಹೇಗೆ ಎಂದು ಅವಳಿಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.