ಎರಡು ಆಷಾಢದ ವರ್ಷ

ತಿಂಗಳಿಗೆ ಎಷ್ಟು ದಿನ ಎಂದು ಕೇಳಿದರೆ ಸಂಬಳದವರೆಲ್ಲ ಮೂವತ್ತು ಎನ್ನುತ್ತಾರೆ. ಮದುವೆಯಾಗುವವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ. ಆಕಾಶದ ತಿಂಗಳಿನ ಗೊಡವೆ ನನಗೆ ಬಂದದ್ದು ಮದುವೆಯಾದ ವರ್ಷ. ನಮ್ಮ ರಾಮನಗರದ ಕಡೆ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಸೂರಿನಡಿ ಇರುವಂತಿಲ್ಲ, ಸೊಸೆ ತವರಿಗೆ ಹೋಗಬೇಕು. ಮನೆಯಲ್ಲಿ ಕ್ಯಾಲೆಂಡರ್ ನೋಡುವ ಅಧಿಕಾರ ನನ್ನದು. ಆಷಾಢ ಎಂಬ ಅಕ್ಷರ ಕಂಡದ್ದೇ ತಡ, ಬೇಗ ಹೋದರೆ ಬೇಗ ಬರುತ್ತಾಳೆ ಎಂದು ಹೆಂಡತಿ ಮಂಗಳಾಳನ್ನು ಬೈಕಿನಲ್ಲಿ ಕೂರಿಸಿಕೊಂಡು ಅವಳ ತವರು ಕೂಟಗಲ್ಲಿಗೆ ಬಿಟ್ಟುಬಂದೆ.

ಆಮೇಲೆ ಶುರುವಾಯಿತು ನನ್ನ ಚಂದ್ರನ ಅಧ್ಯಯನ. ಹಾರೋಹಳ್ಳಿಯ ಫ್ಯಾಕ್ಟರಿಯಿಂದ ಸಂಜೆ ಹೊರಬಿದ್ದರೆ ಕಣ್ಣು ಮೇಲಕ್ಕೇ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಇಪ್ಪತ್ತೊಂಬತ್ತೂವರೆ ದಿನ ಎಂದು ಎಲ್ಲೋ ಓದಿ ಹಿರಿಹಿರಿ ಹಿಗ್ಗಿದೆ. ಚಂದ್ರ ಮಾರಾಯ ತಿಂಗಳಿಗೆ ಅರ್ಧ ದಿನ ರಜೆ ಹಾಕುತ್ತಾನೆ ಎಂದರೆ ವಿರಹದಲ್ಲಿ ನನಗೆ ಅಷ್ಟು ಉಳಿತಾಯವಲ್ಲವೆ? ಅಮಾವಾಸ್ಯೆಯ ದಿನ ಒಂದು ಮೊಳ ಮಲ್ಲಿಗೆ ಹಿಡಿದು ಮಾವನವರ ಮನೆ ಬಾಗಿಲಲ್ಲಿ ನಿಂತೆ.

ಮಾವನವರು ಕಾಫಿ ಕೊಡಿಸಿ, ನಾನು ಕುಡಿದು ಮುಗಿಸುವವರೆಗೂ ಕಾದರು. ಆಮೇಲೆ ಮೆಲ್ಲಗೆ, “ಇದು ಅಧಿಕ ಆಸಾಡ ಅಳಿಯಂದ್ರೇ. ನಿಜವಾದ್ದು ನಾಳೆಯಿಂದ ಸುರುವಾಯ್ತದೆ” ಎಂದರು.

ವಿವರಿಸಿದವರೂ ಅವರೇ. ಹನ್ನೆರಡು ಚಾಂದ್ರಮಾಸ ಕೂಡಿಸಿದರೂ ಸೂರ್ಯನ ವರ್ಷಕ್ಕೆ ಸುಮಾರು ಹನ್ನೊಂದು ದಿನ ಕಡಿಮೆ ಬೀಳುತ್ತದೆ. ಆ ಕೊರತೆ ಬೆಳೆದು ಬೆಳೆದು ಎರಡು ಮೂರು ವರ್ಷಕ್ಕೊಮ್ಮೆ ಪಂಚಾಂಗಕ್ಕೆ ಒಂದು ತಿಂಗಳು ಹೆಚ್ಚಿಗೆ ಸೇರಿಸಬೇಕಾಗುತ್ತದೆ. ಚೈತ್ರವೋ ಶ್ರಾವಣವೋ ಎರಡಾಗಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನನ್ನ ಮದುವೆಯ ವರ್ಷವೇ ಆಷಾಢ ಅವಳಿ ಹೆತ್ತಿತ್ತು. ಬಾಗಿಲ ಹಿಂದೆ ನಿಂತಿದ್ದ ಮಂಗಳಾ ನನಗಿಂತ ಹೆಚ್ಚು ಪೆಚ್ಚಾಗಿದ್ದಳು, ಅಥವಾ ಹಾಗೆ ನಂಬಿದರೆ ನನಗೆ ಹಿತವಾಗಿತ್ತು.

ಒಬ್ಬನೇ ಮನೆಗೆ ಬಂದು ರಾಗಿಮುದ್ದೆ ಮುರಿಯದೆ ಕೂತೆ. ಅವ್ವ ಒಂದು ನಿಮಿಷ ನನ್ನ ಮುಖ ನೋಡಿದಳು. ಶಾಸ್ತ್ರ ಹೇಳಿರುವುದು ಅತ್ತೆ ಸೊಸೆ ಒಟ್ಟಿಗಿರಬಾರದು ಎಂದಷ್ಟೇ, ಯಾರು ಹೋಗಬೇಕು ಎಂದೇನೂ ಬರೆದಿಲ್ಲ ಎಂದಳು. ಆಮೇಲೆ, “ಅವ್ಳು ಬರ್ಲಿ ಕಣ್ಲಾ, ನಾನೇ ಮಾಗಡಿಗೆ ಹೋಯ್ತೀನಿ” ಎಂದು ಎರಡು ಸೀರೆ ಚೀಲಕ್ಕೆ ತುರುಕಿಕೊಂಡು, ಮಾರನೆಯ ಬೆಳಗ್ಗೆ ತನ್ನ ತಮ್ಮನ ಮನೆಗೆ ಬಸ್ಸು ಹತ್ತಿಯೇಬಿಟ್ಟಳು. ಮಧ್ಯಾಹ್ನದೊಳಗೆ ಮಂಗಳಾ ಮನೆಯಲ್ಲಿದ್ದಳು. ಇಂಥ ತಾಯಿ ಯಾರಿಗಿದ್ದಾಳೆ ಎಂದು ಫ್ಯಾಕ್ಟರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ.

ಆ ಆಷಾಢ ಎಷ್ಟು ದಿನದ್ದೋ ನನಗೆ ಗೊತ್ತಿಲ್ಲ. ಚಂದ್ರನನ್ನು ನೋಡುವ ಕಸುಬು ಬಿಟ್ಟಿದ್ದೆ. ಒಂದು ದಿನ ಬೆಳಗ್ಗೆ ದೋಸೆ ತಿನ್ನುತ್ತಿದ್ದಾಗ ಮಾಗಡಿಯಿಂದ ಫೋನ್ ಬಂತು.

“ಸ್ರಾವಣ ಬಂದು ಆರು ದಿನ ಆಯ್ತು ಕಣ್ಲಾ ಮಗಾ,” ಎಂದಳು ಅವ್ವ. “ನಿಮ್ಮೂರಲ್ಲಿ ಚಂದ್ರ ಇನ್ನೂ ಹುಟ್ಟಿಲ್ವಾ?”

ಮಂಗಳಾ ನನ್ನ ಮುಖ ನೋಡಿದಳು. ನಾನು ನಾಚಿಕೆಯಿಂದ ತಲೆ ತಗ್ಗಿಸಿ, ತಟ್ಟೆಯಲ್ಲಿದ್ದ ದೋಸೆಯನ್ನು ಹಾಗೇ ಬಿಟ್ಟು ಬೈಕಿನ ಕೀ ಹುಡುಕತೊಡಗಿದೆ.