ನಾಲ್ಕನೇ ಹಾಸಿಗೆಯ ಕೆಂಪು ಚೌಕ

ಮಾನ್ಯ ವಾಚಕ ಮಹಾಶಯರೇ, ಕಂಪ್ಯೂಟರಿಗೂ ಒಬ್ಬ ಬಡಪಾಯಿಗೂ ನಡೆದ ಒಂದು ಹಗಲಿನ ಸಮರವನ್ನು ತಮ್ಮ ಅವಗಾಹನೆಗೆ ತರಲು ಅಪ್ಪಣೆಯಾಗಲಿ.

ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಕಾಗದದ ಚಾರ್ಟು ಹೋಗಿ ಕಂಪ್ಯೂಟರ್ ಚಾರ್ಟು ಬಂದಿತ್ತು. ರೋಗಿಯ ನಾಡಿ, ಉಸಿರು, ಆಮ್ಲಜನಕಗಳ ಅಂಕಿ ಗಂಟೆಗೊಮ್ಮೆ ತುಂಬದಿದ್ದರೆ ಪರದೆಯ ಚೌಕ ಕೆಂಪಾಗುತ್ತಿತ್ತು. ಉದ್ದನೆಯ ಕಾಲುಗಳಿಂದಾಗಿ ಕೊಕ್ಕರೆಯೆಂದೇ ಹೆಸರಾದ ಗಂಡು ನರ್ಸಿಗೆ ದೊಡ್ಡ ಸಿಸ್ಟರ್ ಬೆಳಿಗ್ಗೆಯೇ ಹೇಳಿದ್ದರು: "ಸಂಜೆ ಒಂದು ಕೆಂಪು ಚೌಕ ಕಂಡ್ರೂ ನಾಳೆ ರಜೆ ಇಲ್ಲ, ನೋಡಪ್ಪ."

ನಾಳೆ ನಾದಿನಿಯ ಮದುವೆ. ಹಿಂದಿನ ಮೂರು ಸಮಾರಂಭಗಳಿಗೂ ಅವನು ಕೈಕೊಟ್ಟಿದ್ದ. "ಈ ಸಲಾನೂ ಬರ್ಲಿಲ್ಲಾಂದ್ರೆ ಆಸ್ಪತ್ರೇಲೇ ಒಂದು ಹಾಸಿಗೆ ನೋಡ್ಕೊಳ್ಳಿ," ಎಂದಿದ್ದಳು ಹೆಂಡತಿ.

ಮೊದಲ ಗಂಟೆಯಲ್ಲೇ ಪಾಸ್‌ವರ್ಡ್ ಮರೆತುಹೋಯಿತು.

"ಹೆಂಡ್ತಿ ಹೆಸ್ರು ಹಾಕಿ ನೋಡಿ," ಎಂದಳು ಪಕ್ಕದ ಹಾಸಿಗೆಯ ನರ್ಸ್.

"ಅವ್ರ ಹೆಸ್ರು ಕೇಳಿದ್ರೆ ಅದೂ ಹೆದರಿ ಬಾಗ್ಲು ಹಾಕ್ಕೊಳ್ಳತ್ತೆ," ಎಂದಳು ಆಯಾ.

ಹಾಗೆಯೇ ಆಯಿತು. ಮೂರನೆಯ ತಪ್ಪಿಗೆ ಯಂತ್ರ ಬೀಗ ಜಡಿದುಕೊಂಡಿತು. ತೆಗೆಯಬೇಕಾದ ಕಂಪ್ಯೂಟರ್‌ನವನು ಸಂಜೆ ಬರುತ್ತೇನೆಂದ. ಕಾಗದವನ್ನೋ ದೊಡ್ಡ ಸಿಸ್ಟರ್ ಬೀರುವಿಗೆ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಕೊಕ್ಕರೆ ಅಂಕಿಗಳನ್ನು ಅಂಗೈಯಲ್ಲಿ ಬರೆದುಕೊಳ್ಳತೊಡಗಿದ. ಮಧ್ಯಾಹ್ನದ ಹೊತ್ತಿಗೆ ಅವು ಮೊಣಕೈ ತಲುಪಿದ್ದವು. ಅಷ್ಟರಲ್ಲಿ ಸೋಂಕು ತಡೆಯುವ ಸಿಸ್ಟರ್ ಅವನನ್ನು ನಲ್ಲಿಗೆ ಎಳೆದೊಯ್ದು ಮೊಣಕೈವರೆಗೂ ಸೋಪು ತಿಕ್ಕಿಸಿದರು. ಐದು ಗಂಟೆಗಳ ದುಡಿಮೆ ನೊರೆಯಾಗಿ ಹರಿದುಹೋಯಿತು.

ಇನ್ನು ಉಳಿದದ್ದು ಕಾಲು. ಎರಡು ಗಂಟೆಗೆ ಸರಿಯಾಗಿ ಅವನು ನಾಲ್ಕನೇ ಹಾಸಿಗೆಯ ಪಕ್ಕ ಒಂಟಿಕಾಲಲ್ಲಿ ನಿಂತು, ಪ್ಯಾಂಟು ಮೇಲೆತ್ತಿ, ಮೀನಖಂಡದ ಮೇಲೆ ನಾಡಿ ಬರೆದ. ಆ ಹಾಸಿಗೆಯ ಅಜ್ಜಿ ಶಸ್ತ್ರಚಿಕಿತ್ಸೆಯಾದ ಮೇಲೆ ಆಳವಾಗಿ ಉಸಿರೆಳೆಯಲು ಸುತರಾಂ ಒಪ್ಪದೆ ಡಾಕ್ಟರನ್ನು ಗೋಳುಹೊಯ್ದುಕೊಂಡಿದ್ದರು.

"ಏನೋ ಕೊಕ್ಕರೆ, ಮೀನು ಸಿಕ್ತಾ?" ಎಂದು ನಗತೊಡಗಿದವರು ನಿಲ್ಲಿಸಲೇ ಇಲ್ಲ. "ಆಚೆ ಹೋಗೋ, ಹೊಲಿಗೆ ಬಿಚ್ಚೋಗತ್ತೆ." ಮೂರು ಗಂಟೆಗೂ ಇದೇ, ನಾಲ್ಕಕ್ಕೂ ಇದೇ.

ಸಂಜೆ ಕಂಪ್ಯೂಟರ್‌ನವನು ಬಂದು ಯಂತ್ರದ ಬೀಗ ತೆಗೆದ. ಕೊಕ್ಕರೆ ಕಣ್ಣು ಮುಚ್ಚಿ, ಒಂದೇ ಕಣ್ಣು ತೆರೆದ. ಒಂದೂ ಕೆಂಪು ಚೌಕವಿಲ್ಲ.

"ನಾಡಿ ನೋಡೋ ಮಾನಿಟರ್‌ನಿಂದ ಇದಕ್ಕೆ ನಿನ್ನೆನೇ ತಂತಿ ಹಾಕಿದ್ನಲ್ಲ," ಎಂದ ಕಂಪ್ಯೂಟರ್‌ನವನು. "ಅಂಕಿ ತಾನೇ ತುಂಬ್ಕೊಳ್ಳತ್ತೆ."

ಕೊಕ್ಕರೆಯ ಮನಸ್ಸು ಆಗಲೇ ಮದುವೆಯ ಪಂಕ್ತಿಯಲ್ಲಿ ಕುಳಿತಿತ್ತು. ಡಾಕ್ಟರು ಮಾತ್ರ ಪರದೆಗೆ ಮೂಗು ತಾಗಿಸಿದ್ದರು.

"ಎರಡು ಗಂಟೆಯಿಂದ ಅಜ್ಜಿಗೆ ಗಂಟೆಗೊಂದ್ಸಲ ಆಮ್ಲಜನಕ ಏರಿದೆ. ಏನು ಔಷಧಿ ಕೊಟ್ರಿ?"

"ಇವನನ್ನೇ," ಎಂದರು ಅಜ್ಜಿ. "ನಕ್ಕೂ ನಕ್ಕೂ ಎದೆ ಬಿಚ್ಕೊಳ್ತು."

ಡಾಕ್ಟರು ಗಂಭೀರವಾಗಿ ಟೈಪು ಮಾಡಿದರು: ನಾಲ್ಕನೇ ಹಾಸಿಗೆ. ಕೊಕ್ಕರೆ, ಒಂಟಿಕಾಲಲ್ಲಿ, ಗಂಟೆಗೊಮ್ಮೆ. ನಾಳೆ ಸಂಜೆಯವರೆಗೆ.

"ಸಾರ್, ನಂಗೆ ರಜೆ..."

"ಡೋಸ್ ತಪ್ಪಿದ್ರೆ ಚೌಕ ಕೆಂಪಾಗತ್ತಪ್ಪ," ಎಂದರು ದೊಡ್ಡ ಸಿಸ್ಟರ್.

ಜೇಬಿನಲ್ಲಿ ಹೆಂಡತಿಯ ಫೋನು ಬಡಿದುಕೊಳ್ಳತೊಡಗಿತು. ಐದನೇ ಹಾಸಿಗೆ ಖಾಲಿ ಇದೆಯೇ ಎಂದು ಕೊಕ್ಕರೆ ಮೆಲ್ಲನೆ ಕತ್ತು ಚಾಚಿದ.

ಕಥೆ ಹೇಳಿದ ನನಗಾದರೋ ರಜೆ ಕೊಡುವವರೂ ಇಲ್ಲ, ಕಿತ್ತುಕೊಳ್ಳುವವರೂ ಇಲ್ಲ. ಚೀಲ ಕಟ್ಟಿಯಾಯಿತು, ಬಸ್ಸು ಹಾರ್ನು ಹೊಡೆಯುತ್ತಿದೆ, ಹೊರಟೆ.