ಬ್ಯಾಟು ಬಿಡದವರ ಬೇಸ್‌ಬಾಲ್ ತಂಡ

ಗೊತ್ತಿಲ್ಲದ ಕೆಲಸಕ್ಕೆ ಕೈಹಾಕಿ ಮುಗ್ಗರಿಸುವವರನ್ನು ಜನ ಕ್ಷಮಿಸುತ್ತಾರೆ. ನನ್ನ ಕಷ್ಟ ಬೇರೆ. ನಾನು ಮುಗ್ಗರಿಸುವುದೆಲ್ಲ ಚೆನ್ನಾಗಿ ಗೊತ್ತಿರುವ ಕೆಲಸದಲ್ಲೇ. ಇಲ್ಲದಿದ್ದರೆ ಕೊಲ್ಲಿ ನಾಡಿನ ಸುಲೈಬಿಯಾದ ಗೋದಾಮುಗಳ ಹಿಂದೆ ಒಂದು ಬೇಸ್‌ಬಾಲ್ ತಂಡ ಇವತ್ತಿಗೂ ಬದುಕಿರುತ್ತಿತ್ತು.

ತೊಂಬತ್ತರ ದಶಕದ ಕೊನೆ. ನಮ್ಮ ಕಂಪನಿಯ ಮ್ಯಾನೇಜರ್ ಅಮೆರಿಕದವನು. ತನ್ನೂರಿನ ಆಟವಿಲ್ಲದೆ ರಜೆಯ ಶುಕ್ರವಾರ ಕಳೆಯುವುದೇ ಅವನಿಗೆ ಕಷ್ಟ. ಅಕ್ಕಪಕ್ಕದ ಕಂಪನಿಗಳನ್ನು ಸೇರಿಸಿ ಒಂದು ಪುಟ್ಟ ಲೀಗ್ ಹುಟ್ಟುಹಾಕಿದ. ಅವನ ತಂಡಕ್ಕೆ ಸಿಕ್ಕಿದವರು ನಾವು: ಆಫೀಸಿನ ನಾನು, ಉಡುಪಿ ಕಡೆಯ ಲ್ಯಾನ್ಸಿ, ಸ್ಟೋರಿನ ಹಂಝ, ಜೊತೆಗೆ ಇನ್ನಷ್ಟು ಕರಾವಳಿಯ ಕ್ರಿಕೆಟ್ ಹುಚ್ಚರು. "ಹೊಡೆಯುವುದು, ಓಡುವುದು. ಇದರಲ್ಲಿ ಕಲಿಯಲಿಕ್ಕೆ ಎಂತ ಉಂಟು ಮಾರಾಯ್ರೇ?" ಎಂದ ಹಂಝ.

ಉಂಟು. ಬೇಸ್‌ಬಾಲಿನಲ್ಲಿ ಹೊಡೆದ ಮೇಲೆ ಬ್ಯಾಟನ್ನು ಅಲ್ಲೇ ಬಿಸಾಡಿ ಓಡಬೇಕು. ಬೇಸ್ ಎಂಬ ಚೌಕದ ದಿಂಬನ್ನು ಕಾಲಲ್ಲೇ ಮುಟ್ಟಬೇಕು. ನಾವೋ, ಬ್ಯಾಟಿಲ್ಲದೆ ಓಡಲು ನಾಚುವ ಜನ. ವಾರವಾರವೂ ಸೋತೆವು. ಸೋತರೂ ಸುಖವೇ ಅನ್ನಿ. ಆಟ ಮುಗಿದ ಮೇಲೆ ಗೋದಾಮಿನ ನೆರಳಲ್ಲಿ ಚಾಪೆ ಹಾಸಿ, ನನ್ನ ಹೆಂಡತಿ ಐರಿನ್ ಮಾಡಿದ ನೀರುದೋಸೆಗೆ ಹಂಝನ ಮನೆಯ ಕೋಳಿಸಾರು. ವಾರವಿಡೀ ಅದಕ್ಕೇ ಕಾಯುತ್ತಿದ್ದೆವು.

ಕೊನೆಗೆ ಮ್ಯಾನೇಜರಿಗೆ ತಾಳ್ಮೆ ಕೆಟ್ಟಿತು. ಅವನು ಕಲಿತಿದ್ದ ಒಂದೇ ಅರಬ್ಬಿ ಮಾತು ಖಲಾಸ್. ಈ ಸಲವೂ ಸೋತರೆ ತಂಡ ಖಲಾಸ್ ಎಂದುಬಿಟ್ಟ.

ಆ ಶುಕ್ರವಾರ ಕೊನೆಯ ಸರದಿಯಲ್ಲಿ ನಾವು ಒಂದೇ ಓಟ ಹಿಂದೆ. ಇನ್ನೊಬ್ಬ ಔಟಾದರೆ ಆಟ ಮುಗಿಯಿತು. ಹಂಝ, ಲ್ಯಾನ್ಸಿ ಮುಂದಿನ ಬೇಸ್‌ಗಳಲ್ಲಿ ಕಾದು ನಿಂತಿದ್ದರು. ನಾನು ಕಣ್ಣುಮುಚ್ಚಿ ಬೀಸಿದೆ. ಚೆಂಡು ಮರಳಲ್ಲಿ ಎಲ್ಲೋ ಹೋಯಿತು. ಅವರಿಬ್ಬರೂ ಓಟ ಮುಗಿಸಿದರು. ನಾನೊಬ್ಬ ಬೇಸ್ ಮುಟ್ಟಿದರೆ ಗೆಲುವು ನಮ್ಮದು. "ಪಪ್ಪಾ, ಡ್ರಾಪ್ ಇಟ್" ಎಂದು ಮಗಳು ಕೂಗಿದ್ದು ಕಿವಿಗೆ ಕೇಳಿಸಿತು. ಕೈ ಕೇಳಬೇಕಲ್ಲ? ಇನ್ನೆರಡು ಹೆಜ್ಜೆ ಇರುವಾಗಲೇ ಬಗ್ಗಿ, ಬ್ಯಾಟಿನ ತುದಿಯನ್ನು ದಿಂಬಿನ ಮೇಲೆ ಊರಿ, ಅಲ್ಲೇ ನಿಂತು ಐರಿನ್ ಕಡೆಗೆ ಬ್ಯಾಟೆತ್ತಿ ತೋರಿಸಿದೆ. ಎದುರಾಳಿಯೊಬ್ಬ ಚೆಂಡು ಹಿಡಿದು ಸಾವಕಾಶವಾಗಿ ನಡೆದು ಬಂದು ನನ್ನ ಬೆನ್ನಿಗೆ ಮುಟ್ಟಿಸಿದ. ನಾನು ಔಟ್. ನಾನು ಬೇಸ್ ಮುಟ್ಟದ ಕಾರಣ ಅವರಿಬ್ಬರ ಓಟವೂ ಲೆಕ್ಕಕ್ಕಿಲ್ಲವಂತೆ.

ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು ಕೂತವನು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಐರಿನ್ ದೋಸೆ ಬಡಿಸುತ್ತಾ, "ಇರಲಿ ಬಿಡಿ, ಬ್ಯಾಟ್ ಎತ್ತಿದ್ದು ಮಾತ್ರ ಚಂದ ಇತ್ತು" ಎಂದಳು.

ತಂಡ ಹೋಯಿತು, ಚಾಪೆ ಹೋಗಲಿಲ್ಲ. ಮುಂದಿನ ಶುಕ್ರವಾರ ಅದೇ ಜಾಗದಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಶುರುವಾಯಿತು. ಈ ಆಟದಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂಬ ಖುಷಿಯಲ್ಲಿ ಮೊದಲ ಚೆಂಡನ್ನೇ ಬಾರಿಸಿದೆ. ಬಾರಿಸಿ, ಮ್ಯಾನೇಜರ್ ಹೇಳಿಕೊಟ್ಟಂತೆ ಬ್ಯಾಟನ್ನು ಅಲ್ಲೇ ಬಿಸಾಡಿ ಓಡಿದೆ.

ರನ್ ಔಟ್. ಗೆರೆಗೆ ಸರಿಯಾಗಿ ಒಂದು ಬ್ಯಾಟಿನಷ್ಟು ದೂರವಿತ್ತು.